ಯಾರೂ ಆಡದ ವರ್ಷಗಳು

ಕಾರು ಲಾಂಗ್ ಬೀಚ್ ದಾಟುವ ಹೊತ್ತಿಗೆ ರಝಿಯಾ ಮೂರನೇ ಸಲ ಕೇಳಿದಳು, ಮಗನ ಕೆಲಸ ನಿಜಕ್ಕೂ ಏನೆಂದು. ವಸೀಮ್ ಮೂರನೇ ಸಲ ಹೇಳಿದ. ಅವನಿದ್ದದ್ದು ಲಾಸ್ ಏಂಜಲೀಸ್‌ನ ಒಂದು ಫುಟ್‌ಬಾಲ್ ತಂಡದಲ್ಲಿ, ಆದರೆ ಚೆಂಡನ್ನು ಅವನು ಮುಟ್ಟಿದವನೇ ಅಲ್ಲ. ಅಲ್ಲಿಯ ಫುಟ್‌ಬಾಲೂ ನಮ್ಮದಲ್ಲ. ಹೆಲ್ಮೆಟ್ ಹಾಕಿಕೊಂಡು ಗೂಳಿಗಳ ಹಾಗೆ ಡಿಕ್ಕಿ ಹೊಡೆಯುವ ಆಟ. ಆಟಗಾರರೆಲ್ಲರ ಸಂಬಳ ಸೇರಿ ವರ್ಷಕ್ಕೆ ಇಷ್ಟನ್ನು ಮೀರಬಾರದು ಎಂದು ಲೀಗ್ ಮಿತಿ ಹಾಕುತ್ತದೆ. ವುಡ್‌ಲ್ಯಾಂಡ್ ಹಿಲ್ಸ್‌ನ ಆಫೀಸಿನಲ್ಲಿ ಕೂತು ಇಡೀ ತಂಡವನ್ನು ಆ ಮಿತಿಯೊಳಗೆ ತುರುಕುವುದು ವಸೀಮ್‌ನ ಪಾಡು.

ಅದರ ಕೈಚಳಕ ಸುಲಭ. ದುಡ್ಡನ್ನು ಈ ವರ್ಷವೇ ಕೊಟ್ಟು, ಲೆಕ್ಕದಲ್ಲಿ ಮಾತ್ರ ಮುಂದಿನ ವರ್ಷಗಳಿಗೆ ಹಂಚಿಬಿಡುವುದು. ಮುಂದಿನ ವರ್ಷಗಳೇ ಉಳಿದಿರದಿದ್ದರೆ ಕಾಂಟ್ರ್ಯಾಕ್ಟಿಗೆ ಇನ್ನೆರಡು ವರ್ಷದ ಬಾಲ ಅಂಟಿಸುವುದು. ಆ ವರ್ಷಗಳಲ್ಲಿ ಆಟಗಾರ ತಂಡದಲ್ಲಿ ಇರುವುದಿಲ್ಲ. ಸಹಿ ಹಾಕುವವನಿಗೂ ಗೊತ್ತು, ಹಾಕಿಸುವವನಿಗೂ ಗೊತ್ತು. ಆಫೀಸಿನಲ್ಲಿ ಅವುಗಳನ್ನು ಖಾಲಿ ವರ್ಷ ಅನ್ನುತ್ತಿದ್ದರು.

ರಝಿಯಾ ನಾಳೆಯ ಮಾತಾಡುವಾಗಲೆಲ್ಲ ಇನ್ಶಾ ಅಲ್ಲಾಹ್, ದೇವರು ಮನಸ್ಸು ಮಾಡಿದರೆ, ಅನ್ನುವವಳು. ನಾಳೆ ದೋಸೆಗೆ ನೆನೆಹಾಕುವುದಕ್ಕೂ ಬೇಕು ಅವಳಿಗೆ ಆ ಮಾತು. ಅಭ್ಯಾಸ ಮಗನಿಗೂ ಅಂಟಿತ್ತು. ಕಾಂಟ್ರ್ಯಾಕ್ಟಿನ ಒಂದೊಂದು ವರ್ಷವನ್ನು ಟೈಪ್ ಮಾಡುವಾಗಲೂ ಬಾಯೊಳಗೇ ಹೇಳಿಕೊಳ್ಳುತ್ತಿದ್ದ. ಖಾಲಿ ವರ್ಷಗಳಿಗೆ ಮಾತ್ರ ಹೇಳುತ್ತಿರಲಿಲ್ಲ. ಬರುವುದೇ ಇಲ್ಲದ್ದಕ್ಕೆ ದೇವರನ್ನು ಯಾಕೆ ಎಳೆಯಬೇಕು ಎಂದು ಅವನ ಲೆಕ್ಕ.

ಇದನ್ನು ಕೇಳಿ ರಝಿಯಾ ಸಿಟ್ಟಾದಳು. ಮನೆಯಲ್ಲಿ ಅವರದು ಉರ್ದು. ಬೈಯುವುದಿದ್ದರೆ ಮಾತ್ರ ಅವಳಿಗೆ ಮೈಸೂರಿನ ಶಾಲೆಯಲ್ಲಿ ಪಾಠ ಹೇಳಿದ ಕನ್ನಡವೇ ಆಗಬೇಕು.

"ಬರಲ್ಲ ಅಂತ ಗೊತ್ತಿದ್ದೂ ಒಬ್ಬ ಮನುಷ್ಯನ ಹೆಸರಲ್ಲಿ ವರ್ಷ ಬರೀತೀಯಾ?"

"ಅದು ಬರೀ ಲೆಕ್ಕ, ಅಮ್ಮಿ. ಎಲ್ಲಾ ತಂಡದವರೂ ಮಾಡ್ತಾರೆ."

ಆ ಮನುಷ್ಯ ಡಾರ್ನೆಲ್ ಪ್ರಾಟ್, ತಂಡದ ಹಳೇ ಹುಲಿ. ಲೀಗ್‌ನ ಲೆಕ್ಕದ ವರ್ಷ ಶುರುವಾಗುವ ಮಾರ್ಚ್‌ನಲ್ಲಿ, ಮೂರು ವರ್ಷದಿಂದ, ವಸೀಮ್ ಅವನ ಕಾಂಟ್ರ್ಯಾಕ್ಟನ್ನು ಹೀಗೇ ಹಿಗ್ಗಿಸುತ್ತಾ ಬಂದಿದ್ದ. ಈ ಸಲ ಪ್ರಾಟ್ ಒಂದು ವಾರದಿಂದ ಫೋನ್ ಎತ್ತಿರಲಿಲ್ಲ. ಇವತ್ತು ಮಧ್ಯಾಹ್ನದೊಳಗೆ ಅವನ ಸಹಿ ಬೀಳದಿದ್ದರೆ ತಂಡ ಮಿತಿ ಮೀರುತ್ತದೆ. ಸಹಿ ಇಲ್ಲದೆ ನೀನೂ ಆಫೀಸಿಗೆ ಬರಬೇಡ ಎಂದು ಬಾಸ್ ನಗುನಗುತ್ತಲೇ ಹೇಳಿದ್ದ. ಪ್ರಾಟ್‌ನ ಮನೆ ದಕ್ಷಿಣಕ್ಕೆ ಎರಡು ಗಂಟೆ ದೂರದ ಕಾರ್ಮೆಲ್ ವ್ಯಾಲಿಯಲ್ಲಿ. ರಝಿಯಾಳ ಗೆಳತಿ ಶೋಭಾಳ ಮನೆಯೂ ಅಲ್ಲೇ ಇದ್ದುದರಿಂದ ಅವಳೂ ಹೊರಟಿದ್ದಳು, ಗೆಳತಿಗೆಂದು ಒಂದು ಡಬ್ಬಿ ಹಿಡಿದುಕೊಂಡು.

ಸಮುದ್ರದ ಮಂಜು ಇನ್ನೂ ಬೀದಿ ಬಿಟ್ಟಿರಲಿಲ್ಲ. ಬಾಗಿಲು ತೆಗೆದ ಪ್ರಾಟ್ ಬಾಗಿಲಿನಷ್ಟೇ ಅಗಲ ಇದ್ದ. ವಸೀಮ್‌ಗೆ ತಲೆಯಾಡಿಸಿ, ರಝಿಯಾಳನ್ನು ನೋಡಿ ಹಳೇ ಪರಿಚಯದವರಂತೆ ನಕ್ಕ.

"ಬನ್ನಿ ಆಂಟಿ. ನಿಮ್ಮ ಕುರ್ಚಿಯಲ್ಲೇ ಕೂತ್ಕೊಳ್ಳಿ."

ರಝಿಯಾ ಆ ಮನೆಯ ಹೊಸಿಲು ತುಳಿದದ್ದು ಅದೇ ಮೊದಲು. ಮಗನ ಮುಖ ನೋಡುತ್ತಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು.

"ಹೋದ ಸಲ ಒಬ್ಬರೇ ಬಂದಿದ್ರಿ," ಅಂದ ಪ್ರಾಟ್. "ಆ ಹಳದಿ ಸ್ವೀಟ್ ತಂದಿದ್ರಿ, ತೂತು ತೂತಾಗಿರುತ್ತಲ್ಲ, ಅದು. ತುಂಬಾ ಅತ್ತಿರಿ. ಇವತ್ತು ಮಗನ ಜೊತೆ ನೋಡಿ ಸಂತೋಷ ಆಯ್ತು."

ಡಬ್ಬಿ ಇನ್ನೂ ಅವಳ ಚೀಲದೊಳಗೇ ಇತ್ತು. ಅದರಲ್ಲಿದ್ದದ್ದು ಮೈಸೂರು ಪಾಕ್. ರಝಿಯಾ ಚೀಲವನ್ನು ಎದೆಗೆ ಅವುಚಿಕೊಂಡಳು.

ವಸೀಮ್ ಪ್ರಾಟ್‌ನ ಕಡೆ ತಿರುಗಿದ. "ಯಾವಾಗ ಬಂದಿದ್ರು, ಡಾರ್ನೆಲ್?"

"ನೀನು ನನಗೆ ಕೊಟ್ಟ ವರ್ಷಗಳಲ್ಲಿ. ಅಲ್ಲಿ ಏನೂ ಇರಲ್ಲ ಅಂದಿದ್ದೆಯಲ್ಲ? ಇದೆ. ನಾನು ಡ್ರೆಸ್ಸಿಂಗ್ ರೂಮಿಗೆ ಹೋಗ್ತೀನಿ, ಯಾರೂ ನನ್ನನ್ನು ನೋಡಲ್ಲ. ಆಂಟಿ ಒಬ್ಬರೇ ಮಾತಾಡಿಸ್ತಾರೆ." ಅವನ ದನಿಯಲ್ಲಿ ದೂರು ಇರಲಿಲ್ಲ. "ನೀನು ಅಲ್ಲಿಲ್ಲ. ಹುಡುಕಿದೆ."

ತಲೆಗೆ ಬಿದ್ದ ಏಟುಗಳು, ಅಂದುಕೊಂಡ ವಸೀಮ್. ಹನ್ನೊಂದು ಸೀಸನ್ ಗುದ್ದಿಸಿಕೊಂಡ ತಲೆ. ನಿನ್ನೆ ನಾಳೆ ಕಲಸಿಹೋಗಿದೆ. ಟೀಮ್ ಡಾಕ್ಟರಿಗೆ ಒಂದು ಫೋನ್ ಮಾಡಬೇಕಿತ್ತು. ಮಾಡಿದರೆ ಈ ಮನುಷ್ಯನಿಗೆ ಚಿಕಿತ್ಸೆಯಾದರೂ ಸಿಗುತ್ತಿತ್ತು. ಆದರೆ ಸಹಿ ತಪ್ಪುತ್ತಿತ್ತು, ಕೆಲಸ ಹೋಗುತ್ತಿತ್ತು. ವಸೀಮ್ ಕಾಗದ ಬಿಡಿಸಿ ಪೆನ್ನು ಕೊಟ್ಟ.

"ಈ ಸಲ ಎಷ್ಟು ವರ್ಷ?"

"ಎರಡು."

"ನೀನು ಬೇಡ ಅಂದರೆ ಹಾಕಲ್ಲ," ಅಂದ ಪ್ರಾಟ್, ಪೆನ್ನು ಹಿಡಿದುಕೊಂಡೇ.

ವಸೀಮ್ ಬೇಡ ಅನ್ನಲಿಲ್ಲ. ಪ್ರಾಟ್ ಸಹಿ ಹಾಕಿದ. ಆಮೇಲೆ ವಸೀಮ್ ಕೈ ಚಾಚಿದರೆ ಅದನ್ನು ಹಿಡಿಯದೆ ಎದ್ದು ಹೋಗಿ ರಝಿಯಾಳಿಗೆ ಬಾಗಿಲು ತೆಗೆದ. "ಹುಷಾರಾಗಿ ಹೋಗಿ ಆಂಟಿ. ಮಂಜು ಇದೆ."

ಕಾರಿನಲ್ಲಿ ಕೂತು ವಸೀಮ್ ಸಹಿಯ ಫೋಟೋ ತೆಗೆದ. ಆಫೀಸಿಗೆ ಕಳಿಸಲು ಬೆರಳು ಇಡುವಷ್ಟರಲ್ಲಿ ರಝಿಯಾ ಅಂದಳು, "ವಾಪಸ್ ಕೊಟ್ಟು ಬಾ."

"ಅಮ್ಮಿ, ಅವನ ತಲೆ ಸರಿಯಿಲ್ಲ. ಅವನ ಮಾತು ಕೇಳ್ಕೊಂಡು..."

"ಸರಿಯಿಲ್ಲ ಅಂತ ಗೊತ್ತಿದ್ದೂ ಸೈನ್ ಹಾಕಿಸ್ಕೊಂಡೆಯಾ?"

ವಸೀಮ್ ಕಾಗದದ ಮೇಲಿನ ಸಹಿ ನೋಡಿದ. ಪ್ರಾಟ್ ಹುಚ್ಚನಾದರೆ ತಾನು ಮಾಡಿದ್ದು ಮೋಸ. ಹುಚ್ಚನಲ್ಲದಿದ್ದರೆ? ಅದನ್ನು ಯೋಚಿಸುವ ಧೈರ್ಯ ಅವನಿಗಿರಲಿಲ್ಲ. ನಾಚಿಕೆ, ಭಯ ಎರಡೂ ಒಟ್ಟಿಗೆ ಹತ್ತಿ ಬಂದವು. ಫೋಟೋ ಅಳಿಸಿ, ಕಾಗದ ಹಿಡಿದು ಇಳಿದ. ಮೆಟ್ಟಿಲು ಹತ್ತುವಾಗ, ಬರೆದ ವರ್ಷಗಳಿಗೆಲ್ಲ, ಈ ಸಲ ಖಾಲಿ ವರ್ಷಗಳನ್ನೂ ಸೇರಿಸಿ, ಇನ್ಶಾ ಅಲ್ಲಾಹ್ ಅಂದುಕೊಂಡ.

ಬೆಲ್ ಒತ್ತಿದ. ಪ್ರಾಟ್ ಬಾಗಿಲು ತೆಗೆದ.

"ಡಾರ್ನೆಲ್, ಇದು ಬೇಡ. ಹರಿದುಹಾಕು," ಎಂದು ವಸೀಮ್ ಕಾಗದ ಮುಂದೆ ಹಿಡಿದ.

ಪ್ರಾಟ್ ಅವನ ಭುಜದಾಚೆ ಬೀದಿಯನ್ನು ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬೆಲ್ ಒತ್ತಿದವರು ಯಾರೂ ಕಾಣದೆ ಹುಬ್ಬು ಗಂಟಿಕ್ಕಿದ. ಕಾರಿನಲ್ಲಿದ್ದ ರಝಿಯಾಳಿಗೆ ಕೈ ಬೀಸಿ, ಬಾಗಿಲು ಹಾಕಿಕೊಂಡ.

ವಸೀಮ್ ಕಾರಿನ ಕಡೆ ತಿರುಗಿ ಕಾಗದವನ್ನು ಮೇಲೆತ್ತಿ ತೋರಿಸಿದ. ರಝಿಯಾ ಗ್ಲಾಸ್ ಇಳಿಸಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಕತ್ತು ಚಾಚಿ, ಅವನನ್ನು ದಾಟಿ ಬಾಗಿಲನ್ನೇ ನೋಡುತ್ತಿದ್ದಳು, ಒಳಗೆ ಹೋದ ಮಗ ಯಾಕಿನ್ನೂ ಬರಲಿಲ್ಲ ಅನ್ನುವಂತೆ.