ಕೂಗಿ ಹೇಳಬೇಕಾದ ಮತ

ಆ ಜವುಗು ಹುಲ್ಲುಗಾವಲು ಗಂಡನ ಹೆಸರಿಗೆ ಬಂದದ್ದೇ ಗ್ರಹಚಾರ ಎಂದು ಎಫೀಗೆ ಪ್ರತಿ ಚುನಾವಣೆಯಲ್ಲೂ ಅನ್ನಿಸುತ್ತಿತ್ತು. ಅವನ ಚಿಕ್ಕಪ್ಪ ಸಾಯುವಾಗ ಬಿಟ್ಟುಹೋದ ತುಂಡು ಅದು. ಅಲ್ಲಿಯ ಹುಲ್ಲನ್ನು ದನವೂ ಮೂಸುವುದಿಲ್ಲ. ಆದರೆ ಅದರ ದೆಸೆಯಿಂದ ಲಾಕ್ಲನ್ ಗಿಲ್ಲಿಸ್ ಪಕ್ಕದ ಕ್ಷೇತ್ರದಲ್ಲಿ ಆಸ್ತಿವಂತ. ಪ್ರಿನ್ಸ್ ಎಡ್ವರ್ಡ್ ದ್ವೀಪದ ಕಾನೂನೇ ಹಾಗೆ. ಪ್ರತಿ ಕ್ಷೇತ್ರದಿಂದ ಷಾರ್ಲೆಟ್‌ಟೌನ್‌ನ ಶಾಸನಸಭೆಗೆ ಇಬ್ಬರು ಹೋಗಬೇಕು; ಒಬ್ಬನನ್ನು ಜಮೀನಿದ್ದವರು ಆರಿಸುತ್ತಾರೆ, ಇನ್ನೊಬ್ಬನನ್ನು ಊರಿನ ಗಂಡಸರೆಲ್ಲ. ಜಮೀನು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಮತ. ಹೆಂಗಸರಿಗೆ ಎಲ್ಲೂ ಇಲ್ಲ.

ಹಾಗಾಗಿ ಜನವರಿಯ ಕೊರೆಯುವ ಚಳಿಯಲ್ಲಿ, ಮಕ್ಕಳನ್ನು ನೆರೆಮನೆಯವರ ಕೊರಳಿಗೆ ಕಟ್ಟಿ, ಬೆಳಗಿನಿಂದ ಅವನ ಜೊತೆ ಕುದುರೆ ಎಳೆಯುವ ಜಾರುಬಂಡಿಯಲ್ಲಿ ಕೂತಿದ್ದಳು. ಕಳೆದ ಸಲ ಒಬ್ಬನನ್ನೇ ಕಳಿಸಿದ್ದಕ್ಕೆ ಅವನು ಆ ಊರಿನ ರಮ್ ಮುಗಿಸಿ ಮಾರನೆಯ ದಿನ ಬಂದಿದ್ದ. ಈ ಸಲ ಅಲ್ಲಿಯ ಮತ ಬೇಗ ಮುಗಿಯಿತು. ಈಗ ಸಂಜೆಯೊಳಗೆ ತಮ್ಮೂರಿನ ಶಾಲೆ ಮುಟ್ಟಿ, ಮೇಜಿನ ಮುಂದೆ ನಿಂತು, ಎಲ್ಲರ ಎದುರು ಹೆಸರು ಕೂಗಿ ಹೇಳಬೇಕು. ಚೀಟಿಯಿಲ್ಲ, ಗುಟ್ಟಿಲ್ಲ.

ಅಲ್ಲೇ ಇದ್ದದ್ದು ತೊಡಕು. ಹೊಳೆಯ ಸೇತುವೆಯನ್ನು ದೋಣಿಗಳಿಗಾಗಿ ತೆರೆದು ಮುಚ್ಚುವ ಕೆಲಸ ಲಾಕ್ಲನ್‌ನದು. ಕೆಲಸ ಕೊಟ್ಟದ್ದು ಸರ್ಕಾರ, ಕೆಲಸದ ಜೊತೆ ಸೇತುವೆ ಪಕ್ಕದ ಮನೆಯನ್ನು ಕೊಟ್ಟದ್ದೂ ಅದೇ. ಸರ್ಕಾರದ ಅಭ್ಯರ್ಥಿ ಟ್ವೀಡಿ, "ನಿನ್ನ ಬಾಯಿಂದ ಬರೋದನ್ನ ನಾನೇ ಕೂತು ಕೇಳಿಸ್ಕೋತೀನಿ" ಎಂದು ನಗುತ್ತಲೇ ಹೇಳಿಹೋಗಿದ್ದ. ಅವನ ಎದುರು ನಿಂತವನು ಎಫೀಯ ಸ್ವಂತ ಅಣ್ಣ ಮರ್ಡಾಕ್.

ಹೆಪ್ಪುಗಟ್ಟಿದ ಹೊಳೆಯ ಮೇಲೆ ದಾರಿ ತೋರಿಸಲು ನೆಟ್ಟ ಸ್ಪ್ರೂಸ್ ಸಸಿಗಳ ಸಾಲು ಹಿಡಿದು ಬಂಡಿ ಬರುತ್ತಿತ್ತು. ಲಾಕ್ಲನ್ ನಿಲ್ಲಿಸಿದ. ಕುದುರೆಯ ಗೊರಸು ನೋಡಿದ. ಮುಂದೆ ಹೋಗಿ ಮತ್ತೆ ನಿಲ್ಲಿಸಿದ. ಒಂದು ಸಸಿ ವಾಲಿತ್ತಂತೆ. ಮಂಜುಗಡ್ಡೆ ಕೊರೆದು ಹೊಲದ ಗೊಬ್ಬರಕ್ಕೆಂದು ಕಪ್ಪೆಚಿಪ್ಪಿನ ಕೆಸರು ಎತ್ತುತ್ತಿದ್ದವನ ಬಳಿ ಮತ್ತೊಮ್ಮೆ ನಿಲ್ಲಿಸಿ, ಅವನ ಹೆಂಡತಿಯ ಹಲ್ಲುನೋವು ವಿಚಾರಿಸಿದ.

ಎಫೀಗೆ ಆಗ ಹೊಳೆಯಿತು.

"ಬೇಕಂತ ತಡ ಮಾಡ್ತಿದ್ದೀಯ!"

"ಇಲ್ಲ ಕಣೇ, ಪಾಪ, ಆಕೆ ಹಲ್ಲು..."

"ನಿನ್ನ ಹಲ್ಲು ಉದುರಿಸ್ತೀನಿ ನೋಡು. ಬಾಗಿಲು ಹಾಕಿದ್ಮೇಲೆ ಹೋಗಿ 'ಅಯ್ಯೋ, ತಪ್ಪೋಯ್ತು' ಅನ್ನೋ ಉಪಾಯ ತಾನೆ? ಬರದೇ ಇದ್ದೋರೆಲ್ಲ ತನ್ನ ವಿರೋಧಿಗಳು ಅಂತ ಟ್ವೀಡಿ ಊರೆಲ್ಲ ಸಾರಿದ್ದಾನೆ, ಮಾರಾಯ!"

ಲಾಕ್ಲನ್ ಗಡ್ಡದ ಮೇಲಿನ ಹಿಮ ಒರೆಸಿಕೊಂಡ. "ನಿಮ್ಮಣ್ಣನ ಎದುರಿಗೆ ಹೆಂಗೆ ಹೇಳ್ಲಿ?"

"ಬಾಯಿಂದ ಹೇಳು. ಟ್ವೀಡಿ ಅಂತ. ಅಣ್ಣ ಒಂದು ಚಳಿಗಾಲ ಮುಖ ಊದಿಸ್ಕೋತಾನೆ, ಆಮೇಲೆ ಸರಿಹೋಗ್ತಾನೆ. ಮನೆ ಹೋದ್ರೆ ಬರುತ್ತಾ?"

"ನೀನು ಮನಸ್ಸಿಂದ ಹೇಳ್ತಿದ್ದೀಯಾ?"

"ಹೊಟ್ಟೆಯಿಂದ ಹೇಳ್ತಿದ್ದೀನಿ!" ಲಗಾಮು ಕಿತ್ತುಕೊಂಡು ಅವಳೇ ಬಂಡಿ ಓಡಿಸಿದಳು.

ಶಾಲೆಯಲ್ಲಿ ಒದ್ದೆ ಉಣ್ಣೆಯ ನಾತ, ಹೊಗೆ. ಮೇಜಿನ ಒಂದು ಪಕ್ಕ ಟ್ವೀಡಿ, ಇನ್ನೊಂದು ಪಕ್ಕ ಮರ್ಡಾಕ್. ಎಫೀ ಬಾಗಿಲಲ್ಲೇ ನಿಂತಳು. ಒಳಗೆ ಅವಳಿಗೇನು ಕೆಲಸ?

"ಲಾಕ್ಲನ್ ಗಿಲ್ಲಿಸ್, ಯಾರಿಗೆ?" ಎಂದು ಅಧಿಕಾರಿ ಕೇಳಿದ.

ಗದ್ದಲ ನಿಂತಿತು. ಲಾಕ್ಲನ್ ತಿರುಗಿ ಹೆಂಡತಿಯನ್ನು ನೋಡಿದ. ಕುರಿಯ ಕಣ್ಣು. ಅವಳು ಹಲ್ಲು ಕಚ್ಚಿ ಟ್ವೀಡಿಯ ಕಡೆ ಗದ್ದ ಎತ್ತಿದಳು. ಅವನು ಟೋಪಿ ತೆಗೆದ, ಎದೆಯುಬ್ಬಿಸಿದ.

"ಮರ್ಡಾಕ್ ಮಕಾಸ್ಕಿಲ್!"

ಅರ್ಧ ಶಾಲೆ ಹೋ ಎಂದಿತು, ಇನ್ನರ್ಧ ಛೀ ಎಂದಿತು. ಟ್ವೀಡಿ ಕೈಗವಸು ಸರಿಮಾಡಿಕೊಂಡ, ಅಷ್ಟೆ. ಆಡಿದ್ದು ಆಡಿಯಾಯಿತು, ಬರೆದೂ ಆಯಿತು.

ಹೊರಗೆ ಬಂದವನ ಕೋಟು ಹಿಡಿದು ಎಳೆದಳು. "ನಾನೇನು ಹೇಳಿದ್ದೆ? ಏನು ಹೇಳಿದ್ದೆ ನಿಂಗೆ?"

"ನೀನು ಬಾಯಿಮಾತಿಗೆ ಹೇಳಿದ್ದೆ. ಮನಸ್ಸೊಳಗೆ ಅಣ್ಣಂಗೇ ಅಂತ ಇತ್ತಲ್ವೇನೇ? ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ?"

ಮದುವೆಯಾದಂದಿನಿಂದ ಈ ಮನುಷ್ಯ ಅವಳ ಮುಖ ನೋಡಿ ತಿಳಿದುಕೊಂಡದ್ದರಲ್ಲಿ ಒಂದಾದರೂ ಸರಿಯಿತ್ತೇ? ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಮರ್ಡಾಕ್ ಓಡಿಬಂದು ಭಾವನನ್ನು ತಬ್ಬಿಕೊಂಡ. ಅವನ ಮುಖದಲ್ಲಿ ಸಂತೋಷಕ್ಕಿಂತ ಗಾಬರಿ ಹೆಚ್ಚಿತ್ತು.

"ಭಾವ, ನೀನು ಹಿಂಗೆ ಮಾಡ್ತೀಯಾ ಅಂತ ಯಾರು ಕಂಡಿದ್ರು! ಗೆಲ್ಲೋದಂತೂ ನಾವೇ, ಆದ್ರೆ..."

"ಗೆದ್ರೆ ಒಳ್ಳೇದೇ ಅಲ್ವಾ?" ಎಂದಳು ಎಫೀ. "ಸರ್ಕಾರ ನಿಮ್ಮದಾದ್ರೆ ಸೇತುವೆ ನಮಗೇ ಉಳಿಯುತ್ತೆ."

ಮರ್ಡಾಕ್ ಹಿಮವನ್ನು ಬೂಟಿನಿಂದ ಕೆದಕಿದ. "ನೀವು ಹೆಂಗಿದ್ರೂ ಟ್ವೀಡಿಗೇ ಅಂತ ಲೆಕ್ಕ ಹಾಕಿದ್ದೆ ಕಣೇ. ಸೇತುವೆ ಕೆಲ್ಸ, ಮನೆ ಎರಡನ್ನೂ ಕೊಡ್ತೀನಿ ಅಂತ ಆರ್ಚಿ ಮಕ್ವಿಶ್‌ಗೆ ಮಾತು ಕೊಟ್ಬಿಟ್ಟಿದ್ದೀನಿ. ಅವನ ಮನೇಲಿ ಗಂಡುಮಕ್ಕಳು ಜಾಸ್ತಿ. ಎಲ್ಲಾ ನನಗೇ ಕೂಗಿದ್ರು. ಈಗ ಇಲ್ಲ ಅಂದ್ರೆ ನನ್ನ ಮರ್ಯಾದೆ ಏನಾಗುತ್ತೆ?"

ಲಾಕ್ಲನ್ ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತ. ಟ್ವೀಡಿ ಗೆದ್ದರೆ ಟ್ವೀಡಿ ಹೊರಗೆ ಹಾಕುತ್ತಾನೆ. ಅಣ್ಣ ಗೆದ್ದರೆ ಅಣ್ಣ. ಎಫೀ ಒಬ್ಬನ ಮುಖ ನೋಡಿದಳು, ಇನ್ನೊಬ್ಬನ ಮುಖ ನೋಡಿದಳು. ಇವರಿಗೆ ಮತ ಇದೆ, ತನಗಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಬಂಡಿ ಹತ್ತಿ ಕಂಬಳಿ ಕೊಡವಿದಳು.

"ಹತ್ತು ಲಾಕ್ಲನ್. ಮಕ್ಕಳನ್ನ ಆಮೇಲೆ ಕರೆಸ್ಕೊಳ್ಳೋಣ, ನಡಿ."

"ಎಲ್ಲಿಗೆ?"

"ಅಣ್ಣನ ಮನೆಗೆ. ಅಣ್ಣಾ, ನಿನ್ನ ಹೆಂಡ್ತಿಗೆ ಹೇಳಿಕಳಿಸು, ಉಪ್ಪು ಹಾಕಿದ ಹೆರಿಂಗ್ ಮೀನು ನೆನೆಹಾಕ್ಲಿ, ಆಲೂಗಡ್ಡೆ ದೊಡ್ಡ ಹಂಡೇಲಿ ಬೇಯಿಸ್ಲಿ. ಮಹಡಿ ಮೇಲಿನ ಕೋಣೆ ನಮಗಾಗುತ್ತೆ."

"ಎಷ್ಟು ದಿನಕ್ಕೆ?" ಮರ್ಡಾಕ್‌ನ ದನಿ ಸಣ್ಣದಾಯಿತು.

"ಮುಂದಿನ ಚುನಾವಣೆ ತನಕ" ಎಂದು ಎಫೀ ಕುದುರೆಯನ್ನು ಅಣ್ಣನ ಮನೆಯ ದಾರಿಗೆ ತಿರುಗಿಸಿದಳು.