ರೆಪೊದಲ್ಲಿ ಇಲ್ಲದ ಸಾಲು

ಆಫೀಸಿನಲ್ಲಿ ಯಾರದ್ದೋ ಕುರ್ಚಿಯ ಚಕ್ರ ಕಿರ್ ಎಂದಿತು, ಎಣ್ಣೆ ಬಿಡಿ ಅಂತ ಎಷ್ಟು ಸಲ ಹೇಳುವುದು ಎಂದುಕೊಳ್ಳುತ್ತಲೇ ಇವಳು ಫೋನು ಕೆಳಗಿಟ್ಟಳು, ಆಸ್ಪತ್ರೆಯ ನರ್ಸಮ್ಮನ ದನಿ ಇನ್ನೂ ಕಿವಿಯಲ್ಲೇ — ಮೇಡಂ, ಡಯಾಲಿಸಿಸ್‌ಗೆ ಬಂದಿದ್ದ ಬಸ್ ಡ್ರೈವರ್ ತಾತನ ಹೆಸರು ಇವತ್ತಿನ ಪಟ್ಟಿಯಲ್ಲೇ ಇಲ್ಲ, ಕೌಂಟರಿನವರು ವಾಪಸ್ ಕಳಿಸಿಬಿಟ್ಟಿದ್ದಾರೆ, ಪಾಪ, ಶರ್ಟಿನ ತೋಳು ಭುಜದವರೆಗೆ ಮಡಚಿಕೊಂಡೇ ಕೂತಿದ್ದರು, ಒಂದು ದಿನ ತಪ್ಪಿದರೂ ಅವರಿಗೆ ಉಸಿರು ಕಟ್ಟುತ್ತೆ, ನಾನು ಹುಡುಕ್ಕೊಂಡು ಹೋಗ್ತೀನಿ, ನೀವು ಅದೇನಾಗಿದೆ ನೋಡಿ — ಏನಾಗಿದೆ? ಆ ಪಟ್ಟಿ ತಯಾರಿಸುವ ಕೋಡಿನ ಹೊಸ ಆವೃತ್ತಿಯನ್ನು ಬೆಳಿಗ್ಗೆ, ತಂಡದ ಕೋಡೆಲ್ಲ ಕೂಡಿಡುವ ರೆಪೊದಿಂದ ತೆಗೆದು ಆಸ್ಪತ್ರೆಯ ಸರ್ವರಿಗೆ ಏರಿಸಿದವಳೇ ಇವಳು, ಕೋಡಿನ ಪರೀಕ್ಷೆಯೆಲ್ಲ ಪಾಸಾಗಿತ್ತಲ್ಲ — ನಿನ್ನೆಯ ಬ್ಯಾಕಪ್ ತೆಗೆದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರೆ ಹಳೆಯದರಲ್ಲಿ ಒಂದು ಸಾಲು ಹೆಚ್ಚಿಗೆ, ಬೇರೆ ಕೇಂದ್ರದಿಂದ ವರ್ಗವಾಗಿ ಬಂದ ರೋಗಿಗಳನ್ನೂ ಸೇರಿಸಿಕೊ ಎನ್ನುವ ಸಾಲು, ತಾತನೂ ಹಾಗೆ ಬಂದವರೇ, ರೆಪೊದಲ್ಲಿ ಮಾತ್ರ ಆ ಸಾಲಿನ ಸುಳಿವೇ ಇಲ್ಲ, ಯಾರೋ ನೇರವಾಗಿ ಸರ್ವರಿನಲ್ಲೇ ತಿದ್ದಿದ್ದಾರೆ, ಇವಳು ಏರಿಸಿದ್ದು ಅದನ್ನು ಗುಡಿಸಿ ಹಾಕಿದೆ, ಯಾರು ಎಂದು ಕೇಳುವ ಮೊದಲೇ ಗಡಿಬಿಡಿ ಎದ್ದು ನಿಂತಿದ್ದಾನೆ, ಊಟವನ್ನೂ ನಿಂತೇ ಮುಗಿಸುವ ಸಹೋದ್ಯೋಗಿಗೆ ತಂಡವೇ ಇಟ್ಟ ಹೆಸರು ಅದು, ಅಕ್ಕಾ, ಅದು ನಾನು.

ಮೈಯೆಲ್ಲ ಉರಿಯಿತು, ಎಷ್ಟು ಬಡ್ಕೊಂಡಿದ್ದೀನಿ, ಒಂದಕ್ಷರ ಬದಲಿಸಿದರೂ ರೆಪೊಗೆ ಹಾಕಿ, ನನಗೆ ತೋರಿಸಿ ಅಂತ — ತೋರಿಸೋಣ ಅಂತಲೇ ಫೋನ್ ಮಾಡಿದೆ ಅಕ್ಕಾ, ನಿಮ್ಮದು ಆಫ್ ಇತ್ತು, ಅವತ್ತು ನಿಮ್ಮ ಅಮ್ಮನ ಆಪರೇಷನ್ನು, ಇಲ್ಲಿ ಯಾರದ್ದೋ ಹೆಸರು ಹೀಗೇ ಬಿಟ್ಟುಹೋಗಿತ್ತು, ಕಾಯೋ ಹಾಗಿರಲಿಲ್ಲ, ತಿದ್ದಿದೆ, ಆಮೇಲೆ ರೆಪೊಗೆ ಹಾಕೋದು ಮರೆತೇಬಿಟ್ಟೆ — ಹೌದು, ಅಮ್ಮನ ಕನ್ನಡಕ ಮಡಿಲಲ್ಲಿಟ್ಟುಕೊಂಡು ಥಿಯೇಟರಿನ ಬಾಗಿಲನ್ನೇ ನೋಡುತ್ತ ಕೂತಿದ್ದು, ಯಾವ ಲೋಕವೂ ಬೇಡ ಎಂದು ಫೋನು ಆರಿಸಿದ್ದು, ಯಾವ ಬದಲಾವಣೆಗೂ ಒಪ್ಪಿಗೆ ಕೊಡುವವಳು ನಾನೊಬ್ಬಳೇ ಎಂದು ನಿಯಮ ಮಾಡಿದವಳೂ ನಾನೇ, ಅವನು ಇನ್ಯಾರನ್ನು ಕೇಳಬೇಕಿತ್ತು? ಪಕ್ಕಕ್ಕೆ ಒಂದು ಕುರ್ಚಿ ಎಳೆದಳು, ಬಾ, ಕೂತ್ಕೋ, ನೀನೇ ಹಾಕು, ಯಾಕೆ ತಿದ್ದಿದೆ ಅಂತಲೂ ಬರಿ, ನಾನು ಪಕ್ಕದಲ್ಲೇ ಇರ್ತೀನಿ, ಅವನು ಅವಸರದಲ್ಲಿ ತಪ್ಪು ಕೀ ಒತ್ತಿ ಅಳಿಸಿ ಮತ್ತೆ ಒತ್ತುತ್ತಿದ್ದಾನೆ, ಇವತ್ತೊಂದು ದಿನ ನಿಧಾನ ಮಾಡು ಎಂದರೆ ಅಳುವವನ ಹಾಗೆ ನಕ್ಕ, ಪರೀಕ್ಷೆ ಓಡಿತು, ಸಾಲು ಏರಿತು, ತಾತನ ಹೆಸರು ಪಟ್ಟಿಗೆ ಬಂತು, ಇನ್ನು ಮೇಲೆ ನಾನಿಲ್ಲದಾಗ ಒಪ್ಪಿಗೆ ನೀನು ಕೊಡು, ನಾನಾ ಅಕ್ಕಾ? ನೀನೇ —

ಮತ್ತೆ ಫೋನು, ನರ್ಸಮ್ಮನಿಗೆ ಏದುಸಿರು, ಸಿಕ್ಕಿದರು ಮೇಡಂ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು, ಕರೆದುಕೊಂಡು ಬಂದು ಮಷೀನಿಗೆ ಹಾಕಿದ್ದೀವಿ, ತುಂಬಾ ಕೋಪ ಮಾಡ್ಕೊಂಡರಾ, ಕೋಪ ಎಲ್ಲಿ ಬಂತು ಮೇಡಂ, ನಾನೇ ದಿನ ತಪ್ಪಿ ಬಂದೆನೇನೋ ಅಂದುಕೊಂಡಿದ್ದರಂತೆ — ದಿನ ತಪ್ಪಿ ಬಂದೆನೇನೋ, ಫೋನು ಇಟ್ಟಾಯಿತು, ಗಡಿಬಿಡಿ ಏನೋ ಕೇಳುತ್ತಿದ್ದಾನೆ, ಕೇಳಿಸುತ್ತಿಲ್ಲ, ಬಸ್ ಸ್ಟಾಪಿನ ಬಿಸಿಲು, ಸುತ್ತ ಜನ, ತನ್ನದೇ ತಪ್ಪೆಂದು ತಲೆತಗ್ಗಿಸಿ ನಿಂತವರ ಶರ್ಟಿನ ಒಂದು ತೋಳು, ಭುಜದವರೆಗೆ ಮಡಚಿ ಇಳಿಸಿಕೊಳ್ಳಲು ಮರೆತ ಆ ತೋಳು, ಆ ತೋಳು —