ಮೇಷ್ಟ್ರ ನೀಲಿ

ನಮ್ಮ ಯಜಮಾನ್ರು ತೀರಿಕೊಂಡ ಏಳನೇ ದಿನ ನಾನು ಇಂಕು ತರೋಕೆ ಚಾಮರಾಜನಗರಕ್ಕೆ ಹೋಗಿದ್ದೆ. ನಮ್ಮೂರು ಹರವೆಯಲ್ಲಿ ಇವತ್ತಿಗೂ ಅದನ್ನ ಆಡಿಕೊಳ್ತಾರೆ. ಆಡಿಕೊಳ್ಳಲಿ. ಸಾವಿನ ಮನೆಗೆ ಬಂದು ಸಾರಿಗೆ ಉಪ್ಪು ಸಾಲದು ಅಂದವರೂ ಇದೇ ಜನ.

ಯಜಮಾನ್ರು ಅಂದ್ರೆ ಶಿವಮಲ್ಲಪ್ಪ ಮೇಷ್ಟ್ರು. ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು. ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಕಡೆಯ ಶಾಲೆಗಳಿಂದ ವಾರ್ಷಿಕೋತ್ಸವದ ಸರ್ಟಿಫಿಕೇಟುಗಳು ನಮ್ಮನೆಗೆ ಬರ್ತಿದ್ವು, ಮಕ್ಕಳ ಹೆಸರು ಬರೆಸೋಕೆ. ಮಿಕ್ಕಿದ್ದೆಲ್ಲ ಪ್ರಿಂಟು. ಹೆಸರು ಮಾತ್ರ ಮೇಷ್ಟ್ರ ಕೈಯಲ್ಲೇ ಆಗ್ಬೇಕು, ಇಂಕ್ ಪೆನ್ನಲ್ಲೇ ಆಗ್ಬೇಕು ಅಂತ ಹೆಡ್‌ಮಾಸ್ಟರುಗಳ ಹಟ. ಗುಂಡಗೆ, ದಪ್ಪಗೆ, ಕಡು ನೀಲಿ ಅಕ್ಷರ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿರೋ ಮನೆಗಳು ಚಂದಕವಾಡಿ ಕಡೆ, ಸಂತೆಮರಹಳ್ಳಿ ಕಡೆ ಎಷ್ಟು ಬೇಕಾದ್ರೂ ಇವೆ.

ಬರೀತಿದ್ದದ್ದು ನಾನು.

ಆರು ವರ್ಷದಿಂದ ನಾನೇ. ಅವರ ಬಲಗೈ ನಡುಗೋಕೆ ಶುರುವಾಯ್ತು. ಮೊದಲು ಕಾಫಿ ಲೋಟ ತುಳುಕೋದು, ಆಮೇಲೆ ಪೆನ್ನು. ಮೈಸೂರಿನ ಡಾಕ್ಟ್ರು ಕೊಟ್ಟ ಮಾತ್ರೆ ನುಂಗಿದ್ದೇ ಬಂತು. ಒಂದಿನ ನಲವತ್ತರಲ್ಲಿ ಹತ್ತು ಸರ್ಟಿಫಿಕೇಟು ಕೆಡಿಸಿ, ಹೊಡೆಸಿಕೊಂಡ ಮಗುವಿನ ಹಾಗೆ ಕೂತಿದ್ರು. ನಾನು ಪಿಯುಸಿ ಓದಿದವಳು. ಆ ಅಕ್ಷರವನ್ನ ಇಪ್ಪತ್ತೈದು ವರ್ಷ ಎದುರಿಗೆ ಕೂತು ನೋಡಿದವಳು. "ಇತ್ಲಾಗ್ ಕೊಡಿ" ಅಂತ ಕಿತ್ಕೊಂಡು ಬರೆದೆ. ಅವರು ತುಂಬಾ ಹೊತ್ತು ನೋಡಿ, "ಶಾಂತ, ಯಾರಿಗೂ ಹೇಳ್ಬೇಡ ಕಣೆ" ಅಂದ್ರು. ನಾನು ಹೇಳಲಿಲ್ಲ.

ಅವತ್ತಿಂದ ಅವರು ಮುಂದಿನ ಕೋಣೆಯಲ್ಲಿ ಮೇಜಿಗೆ ಕೂತ್ಕೊಳ್ಳೋರು, ನಾನು ಅಡುಗೆಮನೆಯಲ್ಲಿ ಮಣೆ ಹಾಕ್ಕೊಂಡು ಬರೆಯೋಳು. ಅವರದು ಇಂಕಿನ ಕೆಲಸ. ಮೇಜಿನ ಮೇಲೆ ಬೇರೆ ಬೇರೆ ಲೇಬಲ್ಲಿನ ಎರಡು ಬಾಟ್ಲಿ. ಇದರಿಂದ ಇಷ್ಟು, ಅದರಿಂದ ಅಷ್ಟು, ಸಣ್ಣ ಕುಪ್ಪಿಗೆ ಹನಿ ಹನಿಯಾಗಿ ಬಿಟ್ಟು, ಅಲ್ಲಾಡಿಸಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ, "ಇನ್ನೊಂದು ಹನಿ ಬೇಕು" ಅಂತ ತಮಗೆ ತಾವೇ ಹೇಳ್ಕೊಂಡು, ಕೊನೆಗೆ ಪೆನ್ನಿಗೆ ತುಂಬಿ ನನ್ನ ಕೈಗೆ ಕೊಡೋರು. ನಡುಗೋ ಕೈ, ಅರ್ಧ ಇಂಕು ಬೆರಳಿಗೇ ಆಗೋದು. ಆ ಬೆರಳು ನೋಡಿದ ಊರಿನೋರು, ಪಾಪ ಈ ವಯಸ್ಸಲ್ಲೂ ಎಷ್ಟು ಬರೀತಾರಪ್ಪ ಅನ್ನೋರು. ನಾನು ಹುಣಸೆಹಣ್ಣು ಹಾಕಿ ಕೈ ತಿಕ್ಕಿ ತೊಳ್ಕೊಂಡು ಬಂದು ಅವರಿಗೆಲ್ಲ ಕಾಫಿ ಕೊಡ್ತಿದ್ದೆ.

"ಎಷ್ಟಕ್ಕೆಷ್ಟು ಬೆರೆಸ್ತೀರಿ, ನಂಗೂ ಹೇಳ್ಕೊಡಿ" ಅಂತ ಎಷ್ಟೋ ಸಲ ಕೇಳಿದ್ದೆ. "ಅದು ಕೈ ಅಳತೆ, ಹೇಳಿದ್ರೆ ಬರಲ್ಲ" ಅಂತಿದ್ರು. ಇಟ್ಕೊಳ್ಳಿ ನಿಮ್ಮ ಬ್ರಹ್ಮವಿದ್ಯೆ ಅಂತ ನಾನೂ ಬಿಟ್ಟುಬಿಟ್ಟೆ.

ಆ ಗುರುವಾರ ಗುಂಡ್ಲುಪೇಟೆಯ ಒಂದು ಹೈಸ್ಕೂಲಿನ ಅರವತ್ತು ಸರ್ಟಿಫಿಕೇಟು ಮನೆಯಲ್ಲಿತ್ತು. ಮೂವತ್ತೇಳು ಮುಗಿಸಿ ಇನ್ನೊಂದು ಹಿಡಿದಿದ್ದೆ. ಚರ್ಚಾ ಸ್ಪರ್ಧೆ, ಮೊದಲ ಬಹುಮಾನ, ತೇಜಸ್ವಿನಿ ಅಂತ ಹುಡುಗಿ. 'ತೇ' ಆಗಿತ್ತು. 'ಜ' ಅರ್ಧದಲ್ಲಿದ್ದಾಗ ಮುಂದಿನ ಕೋಣೆಯಲ್ಲಿ ಕುರ್ಚಿ ಬಿದ್ದ ಸದ್ದಾಯ್ತು. ನಾನು 'ಜ' ಮುಗಿಸಿ ಎದ್ದೆ. ಅಕ್ಷರದ ನಡುವೆ ಪೆನ್ನೆತ್ತಿದ್ರೆ ಅಲ್ಲೊಂದು ಚುಕ್ಕೆ ನಿಲ್ತದೆ, ಅದಕ್ಕೆ.

ಹೋಗಿ ನೋಡಿದ್ರೆ ನೆಲದ ಮೇಲಿದ್ರು. ಬಾಟ್ಲಿಗಳೂ ಬಿದ್ದು ಒಡೆದು ಇಂಕೆಲ್ಲ ನೆಲದ ಪಾಲಾಗಿತ್ತು. ಹಾರ್ಟು ನಿಂತುಹೋಗಿದೆ, ಬಿದ್ದ ತಕ್ಷಣವೇ ಹೋಗಿದ್ದಾರೆ, ನೀವೇನು ಮಾಡಿದ್ರೂ ಆಗ್ತಿರಲಿಲ್ಲ ಅಂದ್ರು ಡಾಕ್ಟ್ರು. ಸರಿ, ಆಗ್ತಿರಲಿಲ್ಲ. ಆದ್ರೂ ಒಂದು 'ಜ' ಬರೆಯೋಷ್ಟು ಹೊತ್ತು ನಾನು ಕೂತಿದ್ದೆ. ಅದನ್ನ ಡಾಕ್ಟ್ರಿಗೆ ಹೇಳಲಿಲ್ಲ.

ಆಮೇಲಿನದ್ದು ನಂಗೆ ಯಾರದೋ ಮನೆಯ ಸಾವು ನೋಡಿದ ಹಾಗಿತ್ತು. ಮಣ್ಣು ಮಾಡಿ ಬಂದ್ರು. ಯಾರೋ ಅಡುಗೆ ಮಾಡಿದ್ರು, ಯಾರೋ ಬಡಿಸಿದ್ರು, ನಾನು ಉಂಡೆ. ನೆಲದ ಇಂಕನ್ನ ನಾನೇ ಒರೆಸಿದೆ. ಅಳ್ತಾ ಬಂದವರೆಲ್ಲ ನನ್ನ ಮುಖ ನೋಡಿ ಅಳು ನಿಲ್ಲಿಸೋರು. ಯಜಮಾನ್ರ ಅಕ್ಕ ಗುರುಸಿದ್ದಮ್ಮ, ಕರ್ಮ ಮುಗಿಯೋವರೆಗೆ ಇರೋಕೆ ಅಂತ ಬಂದಿದ್ದವರು, "ಒಂದ್ಸಲ ಬಾಯ್ಬುಟ್ಟು ಅತ್ಬುಡು ಕಣಮ್ಮಿ, ಇಲ್ದೇವೋದ್ರೆ ಎದೆ ಕಟ್ಕಂಡುಬುಡ್ತದೆ" ಅಂತ ನನ್ನ ಬೆನ್ನು ಉಜ್ಜಿದ್ರು. ಅಳೋಕೆ ಏನಾದ್ರೂ ಅನ್ನಿಸಬೇಕಲ್ಲ. ನಂಗೇನೂ ಅನ್ನಿಸ್ತಿರಲಿಲ್ಲ.

ಆರನೇ ದಿನ ಆ ಹೈಸ್ಕೂಲಿನ ಹೆಡ್‌ಮಾಸ್ಟರು ಮರಿಮಲ್ಲಪ್ಪನವರು ಮಾತಾಡಿಸಿಕೊಂಡು ಹೋಗೋಕೆ ಬಂದ್ರು. "ಉಳಿದಿರೋ ಸರ್ಟಿಫಿಕೇಟು ಹಂಗೇ ಕೊಟ್ಟುಬಿಡಿ ಅಮ್ಮ. ಶನಿವಾರ ಫಂಕ್ಷನ್ನು, ಪ್ರಿಂಟ್ ಹಾಕಿಸ್ಕೋತೀವಿ. ಮುಂದಿನ ವರ್ಷದಿಂದ ಎಲ್ಲ ಶಾಲೆಯವರೂ ಪ್ರಿಂಟೇ ಅಂತ ಮಾತಾಡ್ಕೊಂಡಿದ್ದೀವಿ. ಮೇಷ್ಟ್ರ ಕೈ ಮೇಷ್ಟ್ರ ಜೊತೇಲೇ ಹೋಯ್ತಲ್ಲ" ಅಂದ್ರು.

ಕೈ ನನ್ನ ಮಡಿಲಲ್ಲೇ ಇತ್ತು. ಅದನ್ನ ನೋಡ್ಕೊಂಡೆ. ಕೊಟ್ಟುಬಿಟ್ರೆ ಇದೂ ಸತ್ತ ಹಾಗೆ, ಇನ್ನು ಮುದ್ದೆ ಕಟ್ಟೋಕೆ, ಕಸ ಗುಡಿಸೋಕೆ ಅಷ್ಟೇ. "ಒಳಗೆಲ್ಲೋ ಬರೆದಿಟ್ಟ ಹಾಗಿದೆ ಸಾರ್. ಹುಡುಕಿಡ್ತೀನಿ, ಶುಕ್ರವಾರ ಬನ್ನಿ" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದ್ರೆ ನಂಗೇ ಆಶ್ಚರ್ಯ ಆಯ್ತು.

ಅರ್ಧ ಹೆಸರಿನದ್ದೂ ಸೇರಿ ಇಪ್ಪತ್ಮೂರು. ಬರೆಯೋದೇನು, ಒಂದು ಮಧ್ಯಾಹ್ನದ ಕೆಲಸ. ಬೇಕಾಗಿದ್ದದ್ದು ಆ ನೀಲಿ. ಒಡೆದ ಬಾಟ್ಲಿಗಳನ್ನ ಯಾರೋ ಎಸೆದಾಗಿತ್ತು, ಲೇಬಲ್ಲು ನಾನು ಯಾವತ್ತೂ ಓದಿರಲಿಲ್ಲ. ಮೂವತ್ತೇಳು ಮಕ್ಕಳಿಗೆ ಒಂದು ಬಣ್ಣ, ಮಿಕ್ಕವರಿಗೆ ಇನ್ನೊಂದು ಬಣ್ಣ ಆದ್ರೆ ಸತ್ತವರು ಬರೆದದ್ದಲ್ಲ ಅಂತ ಎಂಥ ಪೆದ್ದನಿಗೂ ಗೊತ್ತಾಗ್ತದೆ.

ಬುಧವಾರ ಬೆಳಿಗ್ಗೆ ಸೀರೆ ಬದಲಾಯಿಸಿದ್ದು ನೋಡಿ ಗುರುಸಿದ್ದಮ್ಮ ಬಾಗಿಲಿಗೆ ಅಡ್ಡ ನಿಂತ್ರು. "ಎಲ್ಲಿಗಮ್ಮಿ?"

"ಚಾಮರಾಜನಗರಕ್ಕೆ. ಇಂಕು ತರ್ಬೇಕು."

"ಇಂಕಾ? ಅನ್ನೊಂದು ದಿನ ಕಳೀನಿಲ್ಲ, ಒಸ್ಲು ದಾಟದುಂಟಾ? ನೋಡ್ದೋರು ಏನಂದಾರು!"

"ಇಂಕು ತರೋಕೆ ಹೋದ್ಲು ಅಂತಾರೆ ಅಕ್ಕ" ಅಂತ ಹೇಳಿ ಪಕ್ಕದಿಂದ ನುಸುಳಿಕೊಂಡು ಬಸ್ಸಿಗೆ ಹೋದೆ.

ಯಜಮಾನ್ರು ಇಂಕು ತರ್ತಿದ್ದದ್ದು ರಂಗನಾಯಕ ಅನ್ನೋರ ಸ್ಟೇಷನರಿ ಅಂಗಡಿಯಿಂದ ಅನ್ನೋದು ಗೊತ್ತಿತ್ತು, ನಾನು ಹೋಗಿದ್ದಿಲ್ಲ. ವಯಸ್ಸಾದ ಮನುಷ್ಯ, ಕನ್ನಡಕ ಹಣೆ ಮೇಲಿತ್ತು. ಹೆಸರು ಗಿಸರು ಏನೂ ಹೇಳದೆ, ಕವರಿಂದ ಅರ್ಧ ಹೆಸರಿನ ಸರ್ಟಿಫಿಕೇಟು ತೆಗೆದು, "ಈ ನೀಲಿ ಬೇಕು" ಅಂದೆ.

ಅವರು ಒಂದೊಂದೇ ಬಾಟ್ಲಿ ಮುಚ್ಚಳ ತೆಗೆದು, ಅಂಗಡಿಯ ಸಣ್ಣ ಪೆನ್ನು ಅದ್ದಿ, ನೋಟ್‌ಬುಕ್ ಹಾಳೆ ಮೇಲೆ ಗೀಚಿ ತೋರಿಸಿದ್ರು. ರಾಯಲ್ ಬ್ಲೂ ನೋಡಿದೆ, ಪ್ಲಾಸ್ಟಿಕ್ ಬಿಂದಿಗೆಯ ಬಣ್ಣ. ಬೇಡ ಅಂದೆ. ಬ್ಲೂ ಬ್ಲಾಕ್ ಬರೀ ಕಪ್ಪು, ಅದರಲ್ಲಿ ನೀಲಿ ಹುಡುಕೋಕೆ ಕನ್ನಡಕ ಬೇಕು. ಇನ್ನೊಂದು ತೀರಾ ತೆಳು. ಗಾಜಿನ ಪೆಟ್ಟಿಗೆಯಿಂದ ದುಬಾರಿಯದ್ದೊಂದು ತೆಗೆದ್ರು, ಅದರಲ್ಲಿ ನೇರಳೆ ಹೊಳಪು. ನಮ್ಮದು ಹಾಗೆ ಹೊಳೀತಿರಲಿಲ್ಲ, ಗಂಭೀರವಾಗಿತ್ತು. ಎಲ್ಲಕ್ಕೂ ತಲೆ ಅಲ್ಲಾಡಿಸ್ತಾ ಹೋದೆ. ಒಂದೊಂದು ಬೇಡ ಅನ್ನುವಾಗಲೂ ಒಳಗೆಲ್ಲೋ ಒಂಥರಾ ಸಮಾಧಾನ ಆಗ್ತಿತ್ತು, ಯಾಕೆ ಅಂತ ತಿಳೀತಿರಲಿಲ್ಲ.

ರಂಗನಾಯಕರು ಕನ್ನಡಕ ಇಳಿಸಿ ಸರ್ಟಿಫಿಕೇಟನ್ನ ಹತ್ತಿರ ಹಿಡಿದು ನೋಡಿದ್ರು. "ಅಯ್ಯೋ, ಇದು ನಮ್ಮ ಹರವೆ ಮೇಷ್ಟ್ರ ಮನೇದಲ್ವ? ಸುದ್ದಿ ಗೊತ್ತಾಯ್ತಮ್ಮ. ಬಾಳ ಸಂಕಟ ಆಯ್ತು." ಕೈ ಮುಗಿದು, ಮೊದಲು ತೋರಿಸಿದ ರಾಯಲ್ ಬ್ಲೂ ಬಾಟ್ಲೀನೇ ಮತ್ತೆ ಮುಂದಿಟ್ರು. "ಅವರು ತಕ್ಕೊಂಡೋಗ್ತಿದ್ದದ್ದು ಇದೇ."

"ಇದೊಂದೇ ಅಲ್ಲ, ಇದಕ್ಕೆ ಇನ್ನೇನೋ ಬೆರೆಸ್ತಿದ್ರು. ಅದು ಯಾವುದು ಹೇಳಿ."

"ಏನೂ ಇಲ್ಲ ಕಣಮ್ಮ. ಯಾವಾಗ ಬಂದ್ರೂ ಇದೇ, ಎರಡು ಬಾಟ್ಲಿ. ಬೇರೆ ಲೇಬಲ್ಲಿನ ಖಾಲಿ ಬಾಟ್ಲಿ ಇದ್ರೆ ಕೊಡಯ್ಯ ಅಂತ ಒಂದ್ಸಲ ಇಸ್ಕೊಂಡೋಗಿದ್ರು, ಒಂದನ್ನ ಅದಕ್ಕೆ ಸುರ್ಕೊಳ್ಳೋಕೆ."

ನಂಗೆ ಸಿಟ್ಟು ಬಂತು. ಗಂಡ ಸತ್ತ ಮೇಲೆ ಬಂದ ಮೊದಲನೇ ಸಿಟ್ಟು. "ಸುಳ್ಳು. ಆರು ವರ್ಷ ನನ್ನ ಕಣ್ಣೆದುರಿಗೆ ಹನಿ ಎಣಿಸಿ ಎಣಿಸಿ ಬೆರೆಸಿದ್ದಾರೆ" ಅಂದೆ.

ಅವರು ಪಾಪ ಹಿಂದೆ ಮುಂದೆ ನೋಡಿದ್ರು. ಆಮೇಲೆ ಮೆಲ್ಲಗೆ, "ಬರೆಯೋರು ನೀವೇ ಅಲ್ವೇನಮ್ಮ?" ಅಂದ್ರು.

"ಯಾರು ಹೇಳಿದ್ದು?"

"ಅವರೇ. ಒಂದಿನ ಕೈ ಬಾಳ ನಡುಗ್ತಿತ್ತು, ಇಲ್ಲೇ ಸ್ಟೂಲ್ ಹಾಕಿ ಕೂರಿಸ್ದೆ. ನಮ್ಮನೆಯೋಳು ಬರೀತಾಳೆ ಕಣಯ್ಯ, ನನಗಿಂತ ಚೆಂದಾಗಿ ಬರೀತಾಳೆ ಅಂದ್ರು. ಅವಳು ದುಡೀತಿರ್ಬೇಕಾದ್ರೆ ನಾನು ಸುಮ್ನೆ ಕೂತ್ಕೊಳ್ಳೋದು ಹೆಂಗೆ, ಅದಕ್ಕೇ ಈ ಇಂಕಾಟ ಆಡ್ತೀನಿ ಅಂತ ನಕ್ರು."

ಆರು ವರ್ಷ ನನ್ನ ಬಾಯಿಗೆ ಬೀಗ ಹಾಕಿ, ತಾನು ಪೇಟೆಯಲ್ಲಿ ಕೂತು ಡಂಗುರ ಹೊಡೆದಿದ್ದಾನೆ ಮುದುಕ! ಅಂಗಡಿ ಅಂತಾನೂ ನೋಡದೆ ಬೈದುಬಿಡಬೇಕು ಅನ್ನಿಸ್ತು. ಬೈಯೋಕೆ ಆಳೇ ಇಲ್ಲ.

"ಈ ಸಣ್ಣ ನಿಬ್ಬಲ್ಲಿ, ಈ ಹಾಳೆ ಮೇಲೆ ಹಿಂಗೇ ಕಾಣೋದು. ನಿಮ್ಮ ಪೆನ್ನಲ್ಲಿ ಬರೆದು ಒಣಗಿಸಿ ನೋಡಿ ತಾಯಿ" ಅಂತ ರಂಗನಾಯಕರು ಬಾಟ್ಲಿಯನ್ನ ಪೇಪರಲ್ಲಿ ಸುತ್ತಿಕೊಟ್ರು. ನಂಬಿಕೆ ಇಲ್ಲದೆಯೇ ತಗೊಂಡು ಬಂದೆ.

ಮನೆಗೆ ಬಂದು ಕಾಲು ತೊಳೆದು ಅಡುಗೆಮನೆಗೆ ಹೋದೆ. ಒಣಗಿದ್ದ ಪೆನ್ನು ತೊಳೆದು ಇಂಕು ತುಂಬಿದೆ. ಹಿಂದೆ ಮುಂದೆ ಯೋಚಿಸಲಿಲ್ಲ, 'ತೇಜ' ಮುಂದೆ 'ಸ್ವಿನಿ' ಬರೆದೆ. ನಂದು ಕೈ ಭಾರ, ನಿಧಾನ. ದಪ್ಪ ನಿಬ್ಬು ಇಂಕು ಸುರೀತಾ ಹೋಗ್ತದೆ, ಆ ಗಟ್ಟಿ ಕಾಗದ ಅದನ್ನ ಕುಡೀತದೆ. ಹಸಿ ಇದ್ದಾಗ ಬೇರೆ ಬೇರೆ ಕಾಣಿಸ್ತು. ಕೈ ಕಟ್ಟಿಕೊಂಡು ಕಾದೆ. ಒಣಗ್ತಾ ಒಣಗ್ತಾ ಅದು ಕಡುವಾಯ್ತು, ಇನ್ನೂ ಕಡುವಾಯ್ತು, ಕೊನೆಗೆ ಎರಡೂ ಒಂದೇ ಆಯ್ತು. ಕಿಟಕಿ ಹತ್ತಿರ ತಗೊಂಡೋಗಿ ನೋಡಿದೆ. ಎಲ್ಲಿ ನಿಲ್ಲಿಸಿದ್ದೆ ಅನ್ನೋದೇ ಗೊತ್ತಾಗ್ತಿರಲಿಲ್ಲ.

ಆ ಮನುಷ್ಯ ಹೋಗಿದ್ದು ಆ 'ಜ' ಹತ್ತಿರ. ಒಂದು ಕೂದಲೆಳೆಯಷ್ಟಾದ್ರೂ ವ್ಯತ್ಯಾಸ ಬೇಡ್ವಾ? ಅಂಗಡಿಯಲ್ಲಿ ನಾನು ಯಾಕೆ ಎಲ್ಲಾ ಬಾಟ್ಲಿಗೂ ಬೇಡ ಬೇಡ ಅಂದೆ ಅನ್ನೋದು ಆಗ ತಿಳೀತು. ಸಿಗಬಾರದಾಗಿತ್ತು. ಅವರು ಬೆರೆಸದೆ ಆ ನೀಲಿ ಬರಲೇಬಾರದಾಗಿತ್ತು. ಎರಡು ಹನಿ ಅತ್ತೆ, ಸರ್ಟಿಫಿಕೇಟಿನ ಮೇಲೆ ಬೀಳದ ಹಾಗೆ ಮುಖ ಆಕಡೆ ತಿರುಗಿಸಿ. ಅಷ್ಟೇ. ಮತ್ತೆ ಮೊದಲಿನ ಹಾಗೇ ಆಯ್ತು. ಇನ್ನೊಂದು ಸರ್ಟಿಫಿಕೇಟು ಎತ್ಕೊಂಡೆ.

ಹದಿನೈದು ಮುಗಿದಿತ್ತು, ಗುರುಸಿದ್ದಮ್ಮ ನೀರಿಗೆ ಅಂತ ಒಳಗೆ ಬಂದವರು ಚೊಂಬು ಹಿಡಿದು ನಿಂತೇಬಿಟ್ರು. ಅವರಿಗೆ ಓದೋಕೆ ಬರಲ್ಲ. ಆದ್ರೆ ತಮ್ಮನ ಅಕ್ಷರದ ರೂಪ ಗೊತ್ತಿಲ್ಲದವರು ಯಾರು? "ಅಯ್ಯೋ ಶಿವನೆ, ನೀನಾ ಬರ್ಯದು?" ಅಂದ್ರು. ಹೂಂ ಅಂದೆ. ಎಷ್ಟು ವರ್ಸದಿಂದ ಅಂತ ಕೇಳಿದ್ರು, ಅದನ್ನೂ ಹೇಳಿದೆ. ಪಕ್ಕದಲ್ಲಿ ಕುಕ್ಕರಿಸಿ ನನ್ನ ಮೊಣಕಾಲು ಹಿಡ್ಕೊಂಡ್ರು. "ಎಡ್‌ಮಾಸ್ಟ್ರಿಗೆ ಯೋಳ್ಬ್ಯಾಡ ಕಣವ್ವ. ಅವನ್ ಬರ್ದಿಟ್ಟಿದ್ದ ಅನ್ಬುಡು. ಸತ್ತ ಮ್ಯಾಲೆ ನನ್ ತಮ್ಮನ್ ಮರ್ವಾದೆ ಕಳೀಬ್ಯಾಡ."

ನಾನು ಮೊಣಕಾಲು ಬಿಡಿಸ್ಕೊಂಡು ಹದಿನಾರನೆಯದಕ್ಕೆ ಪೆನ್ನು ಇಟ್ಟೆ.

ಶುಕ್ರವಾರ ಮರಿಮಲ್ಲಪ್ಪನವರು ಬಂದ್ರು. ಅರವತ್ತೂ ಕೊಟ್ಟೆ. ಒಂದೊಂದೇ ತಿರುವಿ ಹಾಕ್ತಾ ಅವರ ಕಣ್ಣು ಒದ್ದೆಯಾಯ್ತು. "ಎಲ್ಲ ಮುಗಿಸೇ ಹೋಗಿದ್ದಾರಲ್ಲಮ್ಮ, ಪುಣ್ಯಾತ್ಮರು. ಇದೇ ಕೊನೆ, ಜೋಪಾನವಾಗಿ ಇಟ್ಕೊಳ್ಳಿ ಅಂತ ಮಕ್ಕಳಿಗೆ ಹೇಳ್ತೀನಿ" ಅಂದ್ರು. ಒಳಬಾಗಿಲಲ್ಲಿ ಗುರುಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡ್ತಿದ್ರು. ಹೂಂ ಅಂದುಬಿಟ್ಟಿದ್ರೆ ಅಲ್ಲಿಗೆ ಮುಗೀತಿತ್ತು.

"ಬರೆದದ್ದು ನಾನು ಸಾರ್" ಅಂದೆ. "ಈ ಸಲದ್ದು ಮಾತ್ರ ಅಲ್ಲ. ಆರು ವರ್ಷದಿಂದ ನಾನೇ."

ಹೆಡ್‌ಮಾಸ್ಟರು ನನ್ನ ಮುಖ ನೋಡಿದ್ರು, ಕೈ ನೋಡಿದ್ರು. ಈ ಸಲ ಹುಣಸೆಹಣ್ಣು ಹಾಕಿ ತಿಕ್ಕಿರಲಿಲ್ಲ, ಇಂಕು ಹಾಗೇ ಇತ್ತು. "ಮತ್ತೆ... ಮೇಷ್ಟ್ರು?"

ಬಾಗಿಲಲ್ಲಿ ಗುರುಸಿದ್ದಮ್ಮನ ಮುಖ ಇಳಿದುಹೋಗಿತ್ತು.

"ಬಣ್ಣ ಅವರದು" ಅಂದೆ. "ಯಾವುದಕ್ಕೆ ಯಾವುದು, ಎಷ್ಟಕ್ಕೆಷ್ಟು ಅಂತ ಹನಿ ಲೆಕ್ಕದಲ್ಲಿ ಬೆರೆಸ್ತಿದ್ರು. ನಂಗೂ ಹೇಳಿಕೊಡಲಿಲ್ಲ. ಯಾರಾದ್ರೂ ಬರೀಬಹುದು ಸಾರ್, ಆ ನೀಲಿ ಮಾಡೋಕೆ ಅವರೇ ಆಗ್ಬೇಕಿತ್ತು."

ಮರಿಮಲ್ಲಪ್ಪನವರು ಒಂದು ಸರ್ಟಿಫಿಕೇಟನ್ನ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ್ರು. "ಅದಕ್ಕೇ ಅನ್ನಿ. ಇಂಥ ನೀಲಿ ನಾನು ಬೇರೆಲ್ಲೂ ನೋಡಿಲ್ಲ." ಆಮೇಲೆ ಎದ್ದು ನಿಂತು, "ಹಂಗಾದ್ರೆ ಮುಂದಿನ ವರ್ಷಾನೂ ಕಳಿಸ್ಲಾ ಅಮ್ಮ?" ಅಂತ ಕೇಳಿದ್ರು.

"ಕಳಿಸಿ, ಬರ್ಕೊಡ್ತೀನಿ. ಆದ್ರೆ ಬೇರೆ ನೀಲಿ ಹಾಕ್ತೀನಿ. ಅವರು ಬೆರೆಸಿಟ್ಟಿದ್ದು ಇಷ್ಟಕ್ಕೇ ಮುಗೀತು."

ಒಳಗೆ ಅಡುಗೆಮನೆಯಲ್ಲಿ ರಂಗನಾಯಕರು ಕೊಟ್ಟ ರಾಯಲ್ ಬ್ಲೂ ಇನ್ನೂ ಮುಕ್ಕಾಲು ಬಾಟ್ಲಿ ಇತ್ತು.